ಸಿಂಧೂ ಜಲ ಒಪ್ಪಂದ

ಸಿಂಧೂ ಜಲ ಒಪ್ಪಂದವು ಸಿಂಧೂ ನದಿ ಮತ್ತು ಅದರ ಐದು ಪ್ರಮುಖ ಉಪನದಿಗಳ ನೀರಿನ ಬಳಕೆಯನ್ನು ಕುರಿತು ಭಾರತ ಹಾಗೂ ಪಾಕಿಸ್ತಾನಗಳು ಮಾಡಿಕೊಂಡ ಅಂತರರಾಷ್ಟ್ರೀಯ ಒಪ್ಪಂದ. ವಿಶ್ವಬ್ಯಾಂಕಿನ ಮಧ್ಯಸ್ಥಿಕೆಯಲ್ಲಿ ನಡೆದ ಸುದೀರ್ಘ ಮಾತುಕತೆಯ ತರುವಾಯ, 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ಭಾರತದ ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಮತ್ತು ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಇದಕ್ಕೆ ಸಹಿ ಹಾಕಿದರು. ಒಪ್ಪಂದದ ಕೆಲವು ವಿಧಿಗಳ ಮಟ್ಟಿಗೆ ವಿಶ್ವಬ್ಯಾಂಕಿನ ಪರವಾಗಿ ಅದರ ಉಪಾಧ್ಯಕ್ಷ ಡಬ್ಲ್ಯು. ಎ. ಬಿ. ಇಲಿಫ್ ಸಹಿ ಮಾಡಿದರು.

ಈ ಒಪ್ಪಂದವು ನೀರನ್ನು ಅಳೆದು ಹಂಚಲಿಲ್ಲ, ನದಿಗಳನ್ನೇ ಹಂಚಿತು. ಪೂರ್ವದ ಮೂರು ನದಿಗಳು ಭಾರತಕ್ಕೂ ಪಶ್ಚಿಮದ ಮೂರು ನದಿಗಳು ಮುಖ್ಯವಾಗಿ ಪಾಕಿಸ್ತಾನಕ್ಕೂ ಸಂದವು. 1965 ಮತ್ತು 1971ರ ಯುದ್ಧಗಳಲ್ಲಿ, 1999ರ ಕಾರ್ಗಿಲ್ ಸಂಘರ್ಷದಲ್ಲಿ ಉಭಯ ದೇಶಗಳ ಸೇನೆಗಳು ಎದುರುಬದುರಾದಾಗಲೂ ಇದು ಮುರಿಯದೆ ಉಳಿದದ್ದರಿಂದ, ಶತ್ರುತ್ವವಿರುವ ನೆರೆರಾಷ್ಟ್ರಗಳ ನಡುವಿನ ಸಹಕಾರಕ್ಕೆ ನಿದರ್ಶನವಾಗಿ ಅಂತರರಾಷ್ಟ್ರೀಯ ಸಂಬಂಧಗಳ ಅಧ್ಯಯನದಲ್ಲಿ ಇದನ್ನು ಉಲ್ಲೇಖಿಸಲಾಗುತ್ತದೆ. 2025ರ ಏಪ್ರಿಲ್‌ನಲ್ಲಿ ಭಾರತವು ಒಪ್ಪಂದವನ್ನು ಅಮಾನತಿನಲ್ಲಿ ಇರಿಸಿತು.

ನದಿ ವ್ಯವಸ್ಥೆ

ಸಿಂಧೂ ನದಿಯು ಟಿಬೆಟ್ಟಿನಲ್ಲಿ ಕೈಲಾಸ ಪರ್ವತದ ಸಮೀಪ ಹುಟ್ಟಿ, ಲಡಾಖಿನ ಮೂಲಕ ಸಾಗಿ, ಪಾಕಿಸ್ತಾನವನ್ನು ಉದ್ದಕ್ಕೂ ಹಾದು ಅರಬ್ಬೀ ಸಮುದ್ರವನ್ನು ಸೇರುತ್ತದೆ. ಒಪ್ಪಂದವು ಈ ವ್ಯವಸ್ಥೆಯ ನದಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸುತ್ತದೆ.

- ಪೂರ್ವದ ನದಿಗಳು: ರಾವಿ (ಪರುಷ್ಣಿ ಅಥವಾ ಇರಾವತಿ), ಬಿಯಾಸ್ (ವಿಪಾಶಾ), ಸಟ್ಲೆಜ್ (ಶುತುದ್ರಿ ಅಥವಾ ಶತದ್ರು)
- ಪಶ್ಚಿಮದ ನದಿಗಳು: ಸಿಂಧೂ, ಝೇಲಂ (ವಿತಸ್ತಾ), ಚಿನಾಬ್ (ಅಸಿಕ್ನಿ ಅಥವಾ ಚಂದ್ರಭಾಗಾ)

ಆವರಣದಲ್ಲಿ ಇರುವವು ಪ್ರಾಚೀನ ಸಾಹಿತ್ಯದಲ್ಲಿ ಬರುವ ಹೆಸರುಗಳು. ಈ ಆರು ನದಿಗಳ ಪೈಕಿ ಸಿಂಧೂ ಮತ್ತು ಸಟ್ಲೆಜ್ ಟಿಬೆಟ್ಟಿನಲ್ಲಿಯೂ ಉಳಿದವು ಭಾರತದಲ್ಲಿಯೂ ಹುಟ್ಟುತ್ತವೆ. ಬಿಯಾಸ್ ನದಿಯು ಭಾರತದ ಪಂಜಾಬಿನ ಹರಿಕೆ ಎಂಬಲ್ಲಿ ಸಟ್ಲೆಜನ್ನು ಕೂಡಿಕೊಳ್ಳುತ್ತದೆ. ಇತರ ಐದೂ ನದಿಗಳು ಭಾರತದಿಂದ ಪಾಕಿಸ್ತಾನಕ್ಕೆ ಹರಿಯುವುದರಿಂದ ಭಾರತವು ಮೇಲ್ದಂಡೆಯ ರಾಷ್ಟ್ರವೂ ಪಾಕಿಸ್ತಾನವು ಕೆಳದಂಡೆಯ ರಾಷ್ಟ್ರವೂ ಆಗಿವೆ. ನದಿ ವಿವಾದಗಳಲ್ಲಿ ಮೇಲ್ದಂಡೆಯವರು ತಮ್ಮ ನೆಲದ ನೀರಿನ ಮೇಲೆ ಹಕ್ಕನ್ನೂ, ಕೆಳದಂಡೆಯವರು ಹಿಂದಿನಿಂದ ಬಂದ ಬಳಕೆಯ ಹಕ್ಕನ್ನೂ ಮುಂದಿಡುವುದು ಸಾಮಾನ್ಯ. ಇಲ್ಲಿಯೂ ವಾದಗಳ ತಳಹದಿ ಇದೇ ಆಗಿತ್ತು.

ಹಿನ್ನೆಲೆ

ಬ್ರಿಟಿಷರ ಆಡಳಿತದಲ್ಲಿ ಪಂಜಾಬಿನಲ್ಲಿ ವಿಸ್ತಾರವಾದ ನಾಲೆಗಳ ಜಾಲ ನಿರ್ಮಾಣಗೊಂಡಿತು. ಇಡೀ ಪ್ರಾಂತವು ಒಂದೇ ಆಡಳಿತಕ್ಕೆ ಒಳಪಟ್ಟಿದ್ದ ಕಾಲದಲ್ಲಿ ರೂಪುಗೊಂಡ ಈ ಜಾಲವನ್ನು 1947ರ ದೇಶವಿಭಜನೆಯ ಗಡಿರೇಖೆ ಎರಡಾಗಿ ಸೀಳಿತು. ರಾವಿ ನದಿಯ ಮಾಧೋಪುರ ಮತ್ತು ಸಟ್ಲೆಜ್ ನದಿಯ ಫಿರೋಜ್‌ಪುರದಲ್ಲಿ ನಾಲೆಗಳಿಗೆ ನೀರು ತಿರುಗಿಸುವ ಅಣೆಕಟ್ಟೆಗಳು ಭಾರತದಲ್ಲಿ ಉಳಿದವು. ಆ ನೀರನ್ನು ಉಣ್ಣುತ್ತಿದ್ದ ಹೊಲಗಳಲ್ಲಿ ಬಹುಭಾಗ ಪಾಕಿಸ್ತಾನದ ಪಾಲಾಯಿತು.

ಯಥಾಸ್ಥಿತಿಯನ್ನು ಕಾಯ್ದುಕೊಳ್ಳಲು 1947ರ ಡಿಸೆಂಬರ್‌ನಲ್ಲಿ ಪೂರ್ವ ಮತ್ತು ಪಶ್ಚಿಮ ಪಂಜಾಬುಗಳ ಮುಖ್ಯ ಎಂಜಿನಿಯರುಗಳು ಮಾಡಿಕೊಂಡಿದ್ದ ತಾತ್ಕಾಲಿಕ ಏರ್ಪಾಡು 1948ರ ಮಾರ್ಚ್ 31ಕ್ಕೆ ಕೊನೆಗೊಂಡಿತು. ಮರುದಿನವೇ ಪೂರ್ವ ಪಂಜಾಬು ಈ ನಾಲೆಗಳ ಮೂಲಕ ಪಾಕಿಸ್ತಾನಕ್ಕೆ ಹೋಗುತ್ತಿದ್ದ ನೀರನ್ನು ನಿಲ್ಲಿಸಿತು. ಮೇ 4ರಂದು ದೆಹಲಿಯಲ್ಲಿ ಆದ ಒಡಂಬಡಿಕೆಯಿಂದ ನೀರು ಮತ್ತೆ ಹರಿಯಿತಾದರೂ ಮೂಲ ವಿವಾದ ಬಗೆಹರಿಯಲಿಲ್ಲ. ನಾಲೆ ಬತ್ತಿದ ಆ ಕೆಲವು ವಾರಗಳ ನೆನಪು ಪಾಕಿಸ್ತಾನದ ಮುಂದಿನ ಎಲ್ಲ ನಿಲುವುಗಳ ಹಿಂದೆ ಕೆಲಸ ಮಾಡಿದೆ. ಇತ್ತ ಭಾರತಕ್ಕೂ ನೀರಿನ ಅಗತ್ಯ ಒತ್ತಡದ್ದಾಗಿತ್ತು. ಪಶ್ಚಿಮ ಪಂಜಾಬಿನಿಂದ ನಿರಾಶ್ರಿತರಾಗಿ ಬಂದ ರೈತರಿಗೆ ನೆಲೆ ಕಲ್ಪಿಸಬೇಕಿತ್ತು. ಭಾಕ್ರಾ–ನಂಗಲ್ ಯೋಜನೆಯೂ ರಾಜಸ್ಥಾನದ ಮರುಭೂಮಿಗೆ ನೀರೊಯ್ಯುವ ನಾಲೆಯ ಯೋಜನೆಯೂ ಪೂರ್ವದ ನದಿಗಳನ್ನೇ ನೆಚ್ಚಿದ್ದವು.

ಮಾತುಕತೆ

1951ರಲ್ಲಿ ಅಮೆರಿಕದ ಟೆನೆಸೀ ಕಣಿವೆ ಪ್ರಾಧಿಕಾರದ ಮಾಜಿ ಮುಖ್ಯಸ್ಥ ಡೇವಿಡ್ ಲಿಲಿಯಂಥಾಲ್ ಎರಡೂ ದೇಶಗಳಿಗೆ ಭೇಟಿಯಿತ್ತು ಒಂದು ಲೇಖನ ಬರೆದರು. ಸಿಂಧೂ ಕಣಿವೆಯನ್ನು ಒಂದೇ ಘಟಕವಾಗಿ ಪರಿಗಣಿಸಿ, ವಿಶ್ವಬ್ಯಾಂಕಿನ ನೆರವಿನಿಂದ ಎಂಜಿನಿಯರುಗಳು ಜಂಟಿಯಾಗಿ ಅಭಿವೃದ್ಧಿಪಡಿಸಬೇಕೆಂಬುದು ಅವರ ಸಲಹೆ. ವಿಶ್ವಬ್ಯಾಂಕಿನ ಅಂದಿನ ಅಧ್ಯಕ್ಷ ಯೂಜೀನ್ ಬ್ಲ್ಯಾಕ್ ಇದರಲ್ಲಿ ಆಸಕ್ತಿ ತಳೆದು ಉಭಯ ಸರ್ಕಾರಗಳಿಗೆ ಪತ್ರ ಬರೆದರು. 1952ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನಲ್ಲಿ ಮಾತುಕತೆ ಆರಂಭವಾಯಿತು. ಭಾರತದ ತಂಡವನ್ನು ಎನ್. ಡಿ. ಗುಲಾಟಿ ಮುನ್ನಡೆಸಿದರು.

ಜಂಟಿ ನಿರ್ವಹಣೆಗೆ ಬೇಕಾದ ಪರಸ್ಪರ ವಿಶ್ವಾಸ ಇಲ್ಲವೆಂಬುದು ಬೇಗನೆ ಮನದಟ್ಟಾಯಿತು. ಆದುದರಿಂದ 1954ರ ಫೆಬ್ರುವರಿಯಲ್ಲಿ ವಿಶ್ವಬ್ಯಾಂಕು ತಾನೇ ಒಂದು ಸೂತ್ರವನ್ನು ಮುಂದಿಟ್ಟು, ನದಿಗಳನ್ನು ಪೂರ್ವ ಮತ್ತು ಪಶ್ಚಿಮ ಎಂದು ವಿಭಜಿಸಲು ಸೂಚಿಸಿತು. ಭಾರತ ಇದಕ್ಕೆ ಬೇಗನೆ ಸಮ್ಮತಿಸಿತು. ಪೂರ್ವದ ನದಿಗಳ ನೀರನ್ನು ಬಿಟ್ಟುಕೊಟ್ಟರೆ ಅದಕ್ಕೆ ಬದಲಾಗಿ ಪಶ್ಚಿಮದ ನದಿಗಳಿಂದ ನೀರು ತರಲು ಅಣೆಕಟ್ಟುಗಳೂ ನಾಲೆಗಳೂ ಬೇಕು, ಅದರ ವೆಚ್ಚವನ್ನು ಯಾರು ಹೊರಬೇಕು ಎಂಬುದು ಪಾಕಿಸ್ತಾನದ ಪ್ರಶ್ನೆಯಾಗಿತ್ತು. ಇದನ್ನು ಬಗೆಹರಿಸಲು ಮತ್ತೆ ಆರು ವರ್ಷಗಳು ಹಿಡಿದವು. ಕೊನೆಗೆ ಆಸ್ಟ್ರೇಲಿಯ, ಕೆನಡ, ಪಶ್ಚಿಮ ಜರ್ಮನಿ, ನ್ಯೂಜಿಲೆಂಡ್, ಬ್ರಿಟನ್ ಮತ್ತು ಅಮೆರಿಕಗಳ ಸಹಾಯದಿಂದ ಸಿಂಧೂ ಕಣಿವೆ ಅಭಿವೃದ್ಧಿ ನಿಧಿ ಸ್ಥಾಪನೆಯಾದ ಮೇಲೆ ಒಪ್ಪಂದಕ್ಕೆ ದಾರಿ ತೆರೆಯಿತು.

ಮುಖ್ಯ ಅಂಶಗಳು

ಒಪ್ಪಂದದಲ್ಲಿ 12 ವಿಧಿಗಳೂ 8 ಅನುಬಂಧಗಳೂ ಇವೆ. ಇದರ ಪ್ರಮುಖ ಅಂಶಗಳು ಹೀಗಿವೆ.

- ಪೂರ್ವದ ನದಿಗಳ ಸಂಪೂರ್ಣ ನೀರು ಭಾರತದ ಅನಿರ್ಬಂಧಿತ ಬಳಕೆಗೆ ಸೇರಿದ್ದು.
- ಪಶ್ಚಿಮದ ನದಿಗಳನ್ನು ಭಾರತವು ಪಾಕಿಸ್ತಾನಕ್ಕೆ ಹರಿಯಗೊಡಬೇಕು. ಗೃಹಬಳಕೆ, ಮಿತವಾದ ವ್ಯವಸಾಯ, ನೀರನ್ನು ವ್ಯಯಿಸದ ಬಳಕೆ ಮತ್ತು ಜಲವಿದ್ಯುತ್ ಉತ್ಪಾದನೆಗೆ ಮಾತ್ರ ಭಾರತಕ್ಕೆ ಅವಕಾಶವಿದೆ.
- ಪಶ್ಚಿಮದ ನದಿಗಳ ಮೇಲೆ ಭಾರತವು ಒಟ್ಟು 36 ಲಕ್ಷ ಎಕರೆ ಅಡಿಗಳಷ್ಟು ನೀರನ್ನು ಸಂಗ್ರಹಿಸುವ ಜಲಾಶಯಗಳನ್ನು ಕಟ್ಟಬಹುದು.
- ಹೊಸ ನಾಲೆಗಳ ವೆಚ್ಚಕ್ಕೆ ಭಾರತವು 6,20,60,000 ಪೌಂಡುಗಳನ್ನು 10 ಸಮಾನ ವಾರ್ಷಿಕ ಕಂತುಗಳಲ್ಲಿ ಕೊಡಬೇಕು. 1965ರ ಯುದ್ಧದ ವರ್ಷದಲ್ಲಿಯೂ ಈ ಕಂತು ನಿಲ್ಲಲಿಲ್ಲ.
- 1960ರಿಂದ 1970ರವರೆಗಿನ ಸಂಕ್ರಮಣ ಅವಧಿಯಲ್ಲಿ ಪಾಕಿಸ್ತಾನವು ತನ್ನ ಬದಲಿ ಕಾಮಗಾರಿಗಳನ್ನು ಮುಗಿಸಿಕೊಳ್ಳಬೇಕು.
- ಎರಡೂ ದೇಶಗಳು ನದಿಗಳ ಹರಿವಿನ ಅಂಕಿಅಂಶಗಳನ್ನು ನಿಯತವಾಗಿ ವಿನಿಮಯ ಮಾಡಿಕೊಳ್ಳಬೇಕು.
- ಉಭಯ ಸರ್ಕಾರಗಳು ಅನುಮೋದಿಸಿದ ಮತ್ತೊಂದು ಒಪ್ಪಂದದ ಮೂಲಕವಷ್ಟೇ ಇದನ್ನು ಬದಲಾಯಿಸಬಹುದು ಅಥವಾ ಕೊನೆಗೊಳಿಸಬಹುದು.

ಪಾಕಿಸ್ತಾನದಲ್ಲಿ ಝೇಲಂ ನದಿಗೆ ಕಟ್ಟಿದ ಮಂಗ್ಲಾ ಅಣೆಕಟ್ಟು (1967), ಸಿಂಧೂ ನದಿಗೆ ಕಟ್ಟಿದ ತರ್ಬೇಲಾ ಅಣೆಕಟ್ಟು (1976) ಹಾಗೂ ಹಲವು ಸಂಪರ್ಕ ನಾಲೆಗಳು ಈ ವ್ಯವಸ್ಥೆಯ ಫಲ.

ನೀರಿನ ಪ್ರಮಾಣ

ಒಂದು ಎಕರೆ ನೆಲದ ಮೇಲೆ ಒಂದು ಅಡಿ ಎತ್ತರಕ್ಕೆ ನಿಲ್ಲುವ ನೀರು ಒಂದು ಎಕರೆ ಅಡಿ. ಕರ್ನಾಟಕದಲ್ಲಿ ಬಳಕೆಯಲ್ಲಿರುವ ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಹತ್ತು ಲಕ್ಷ ಎಕರೆ ಅಡಿಗಳು 43.56 ಟಿಎಂಸಿಗೆ ಸಮ. ಭಾರತ ಸರ್ಕಾರದ ಅಂಕಿಗಳಂತೆ ಪೂರ್ವದ ನದಿಗಳ ಸರಾಸರಿ ವಾರ್ಷಿಕ ಹರಿವು ಸುಮಾರು 3.3 ಕೋಟಿ ಎಕರೆ ಅಡಿ (ಸುಮಾರು 1,437 ಟಿಎಂಸಿ). ಪಶ್ಚಿಮದ ನದಿಗಳದು ಸುಮಾರು 13.5 ಕೋಟಿ ಎಕರೆ ಅಡಿ (ಸುಮಾರು 5,880 ಟಿಎಂಸಿ). ಅಂದರೆ ಭಾರತಕ್ಕೆ ಸಂದದ್ದು ಒಟ್ಟು ಹರಿವಿನ ಐದರಲ್ಲೊಂದು ಪಾಲು. ಪಶ್ಚಿಮದ ನದಿಗಳ ಮೇಲೆ ಭಾರತಕ್ಕೆ ಅನುಮತಿಸಿದ 36 ಲಕ್ಷ ಎಕರೆ ಅಡಿಗಳ ಸಂಗ್ರಹವು ಸುಮಾರು 157 ಟಿಎಂಸಿ. ಇದು ಕೃಷ್ಣರಾಜಸಾಗರದ ಪೂರ್ಣ ಸಾಮರ್ಥ್ಯದ ಸುಮಾರು ಮೂರರಷ್ಟು.

ನದಿಗಳನ್ನು ಹಂಚುವುದಕ್ಕೂ ನೀರನ್ನು ಹಂಚುವುದಕ್ಕೂ ಇರುವ ವ್ಯತ್ಯಾಸವನ್ನು ಕಾವೇರಿಯ ಉದಾಹರಣೆಯಿಂದ ತಿಳಿಯಬಹುದು. ಕಾವೇರಿಯಲ್ಲಿ ಒಂದೇ ನದಿಯ ನೀರನ್ನು ಅಳೆದು ರಾಜ್ಯಗಳಿಗೆ ಹಂಚಲಾಗಿದೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಕರ್ನಾಟಕವು ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ನೀರನ್ನು ತಮಿಳುನಾಡಿಗೆ ಹರಿಸಬೇಕು. ಮಳೆ ಕೈಕೊಟ್ಟ ವರ್ಷ ಕೊರತೆಯನ್ನು ಹಂಚಿಕೊಳ್ಳುವ ಪ್ರಶ್ನೆ ಪ್ರತಿ ಬಾರಿಯೂ ಏಳುತ್ತದೆ. ಸಿಂಧೂ ಒಪ್ಪಂದದಲ್ಲಿ ಈ ಪ್ರಶ್ನೆ ಬಹುಮಟ್ಟಿಗೆ ಏಳುವುದಿಲ್ಲ. ಆಯಾ ನದಿಯ ಕೊರತೆ ಅದನ್ನು ಪಡೆದವರಿಗೇ ಸೇರಿದ್ದು. ಒಪ್ಪಂದದ ಬಾಳಿಕೆಗೆ ಇದೊಂದು ಕಾರಣ. ಆದರೆ ಇಡೀ ಕಣಿವೆಯನ್ನು ಒಟ್ಟಾಗಿ ನೋಡುವ ಅವಕಾಶ ಇದರಿಂದ ಕೈತಪ್ಪಿತು.

ವಿವಾದ ಪರಿಹಾರ ವ್ಯವಸ್ಥೆ

ಪ್ರತಿಯೊಂದು ದೇಶದಿಂದ ಒಬ್ಬ ಆಯುಕ್ತರಿರುವ ಕಾಯಂ ಸಿಂಧೂ ಆಯೋಗವನ್ನು ಒಪ್ಪಂದವು ಸ್ಥಾಪಿಸಿತು. ಇದು ವರ್ಷಕ್ಕೊಮ್ಮೆಯಾದರೂ ಸಭೆ ಸೇರಬೇಕು. ತಕರಾರುಗಳಿಗೆ ಮೂರು ಮೆಟ್ಟಿಲುಗಳಿವೆ. ಮೊದಲಿಗೆ 'ಪ್ರಶ್ನೆ'ಯನ್ನು ಆಯೋಗ ಪರಿಶೀಲಿಸುತ್ತದೆ. ಅಲ್ಲಿ ಇತ್ಯರ್ಥವಾಗದ ತಾಂತ್ರಿಕ 'ಭಿನ್ನಾಭಿಪ್ರಾಯ'ವು ತಟಸ್ಥ ತಜ್ಞರಿಗೆ ಹೋಗುತ್ತದೆ. ಅದಕ್ಕೂ ಮೀರಿದ 'ವಿವಾದ'ವು ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಹೋಗುತ್ತದೆ. ಈ ಕ್ರಮದಿಂದಾಗಿ ಹೆಚ್ಚಿನ ತಕರಾರುಗಳು ರಾಜಕೀಯ ನಾಯಕರವರೆಗೆ ಹೋಗದೆ ಎಂಜಿನಿಯರುಗಳ ಮಟ್ಟದಲ್ಲಿಯೇ ಉಳಿದವು.

ಪ್ರಮುಖ ವಿವಾದಗಳು

ಸಲಾಲ್: ಚಿನಾಬ್ ನದಿಯ ಈ ವಿದ್ಯುತ್ ಯೋಜನೆಯ ಕುರಿತ ತಕರಾರು 1978ರಲ್ಲಿ ಉಭಯ ದೇಶಗಳ ನೇರ ಮಾತುಕತೆಯಿಂದ ಬಗೆಹರಿಯಿತು. ಇದಕ್ಕಾಗಿ ಭಾರತವು ವಿನ್ಯಾಸದಲ್ಲಿ ಬದಲಾವಣೆಗಳಿಗೆ ಒಪ್ಪಿತು.

ತುಲ್‌ಬುಲ್: ಝೇಲಂ ನದಿಯಲ್ಲಿ ವುಲರ್ ಸರೋವರದ ಬಳಿ ಭಾರತ ಕೈಗೊಂಡ ನೌಕಾಯಾನ ಯೋಜನೆಯ ಕಾಮಗಾರಿ ಪಾಕಿಸ್ತಾನದ ಆಕ್ಷೇಪದಿಂದ 1987ರಲ್ಲಿ ನಿಂತಿತು.

ಬಗ್ಲಿಹಾರ್: ಚಿನಾಬ್ ನದಿಯ ಈ ಯೋಜನೆ ತಟಸ್ಥ ತಜ್ಞರ ಮುಂದೆ ಹೋದ ಮೊದಲ ಪ್ರಕರಣ. ಸ್ವಿಟ್ಜರ್ಲೆಂಡಿನ ರೇಮಂಡ್ ಲಾಫಿಟ್ 2007ರಲ್ಲಿ ನೀಡಿದ ನಿರ್ಣಯದಲ್ಲಿ ಭಾರತದ ವಿನ್ಯಾಸದ ಬಹುಭಾಗವನ್ನು ಒಪ್ಪಿ, ಅಣೆಕಟ್ಟಿನ ಎತ್ತರವನ್ನು ತುಸು ತಗ್ಗಿಸಲು ಸೂಚಿಸಿದರು.

ಕಿಶನ್‌ಗಂಗಾ: ಝೇಲಂನ ಉಪನದಿಯ ಮೇಲಿನ ಈ ಯೋಜನೆ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಹೋದ ಮೊದಲ ಪ್ರಕರಣ. 2013ರಲ್ಲಿ ನ್ಯಾಯಾಲಯವು ನೀರನ್ನು ತಿರುಗಿಸುವ ಭಾರತದ ಹಕ್ಕನ್ನು ಎತ್ತಿಹಿಡಿದು, ಸೆಕೆಂಡಿಗೆ ಕನಿಷ್ಠ 9 ಘನ ಮೀಟರ್ ನೀರನ್ನು ನದಿಯಲ್ಲಿ ಹರಿಯಬಿಡಬೇಕೆಂದು ವಿಧಿಸಿತು.

ಕಿಶನ್‌ಗಂಗಾ ಮತ್ತು ರಾತ್ಲೆ ಯೋಜನೆಗಳ ವಿನ್ಯಾಸವನ್ನು ಕುರಿತ ಮುಂದಿನ ತಕರಾರಿನಲ್ಲಿ ಭಾರತವು ತಟಸ್ಥ ತಜ್ಞರನ್ನೂ ಪಾಕಿಸ್ತಾನವು ಮಧ್ಯಸ್ಥಿಕೆ ನ್ಯಾಯಾಲಯವನ್ನೂ ಕೋರಿದವು. 2022ರಲ್ಲಿ ವಿಶ್ವಬ್ಯಾಂಕು ಎರಡೂ ಪ್ರಕ್ರಿಯೆಗಳಿಗೆ ಒಮ್ಮೆಗೇ ಚಾಲನೆ ನೀಡಿತು. ಒಂದೇ ವಿಷಯಕ್ಕೆ ಎರಡು ವಿಚಾರಣೆಗಳು ಒಪ್ಪಂದಕ್ಕೆ ವಿರುದ್ಧವೆಂದು ವಾದಿಸಿದ ಭಾರತ, ನ್ಯಾಯಾಲಯವನ್ನು ಮಾನ್ಯ ಮಾಡಲಿಲ್ಲ.

ಟೀಕೆಗಳು

ಭಾರತವು ತೀರ ಉದಾರವಾಗಿ ನಡೆದುಕೊಂಡಿತೆಂಬ ಟೀಕೆ 1960ರಲ್ಲಿಯೇ ಲೋಕಸಭೆಯಲ್ಲಿ ಕೇಳಿಬಂದಿತು. ತಮ್ಮ ನೆಲದಲ್ಲಿ ಹರಿಯುವ ನದಿಗಳಿಂದ ನೀರಾವರಿಗೂ ವಿದ್ಯುತ್ತಿಗೂ ಪೂರ್ಣ ಪ್ರಯೋಜನ ದೊರೆಯುತ್ತಿಲ್ಲವೆಂಬ ಅಸಮಾಧಾನ ಜಮ್ಮು ಮತ್ತು ಕಾಶ್ಮೀರದಲ್ಲಿದೆ. ಪಾಕಿಸ್ತಾನದಲ್ಲಿ ಮೂರು ನದಿಗಳನ್ನು ಬಿಟ್ಟುಕೊಟ್ಟದ್ದರ ಬಗ್ಗೆ ವಿಷಾದವೂ, ಭಾರತದ ಅಣೆಕಟ್ಟುಗಳು ಬಿತ್ತನೆಯ ಕಾಲದಲ್ಲಿ ನೀರನ್ನು ತಡೆಯಬಲ್ಲವೆಂಬ ಆತಂಕವೂ ಇದೆ. ಹವಾಮಾನ ಬದಲಾವಣೆ, ಹಿಮನದಿಗಳ ಕರಗುವಿಕೆ ಮತ್ತು ಅಂತರ್ಜಲದ ಬಳಕೆಯ ಬಗ್ಗೆ 1960ರ ಪಠ್ಯದಲ್ಲಿ ಸಮರ್ಪಕ ವ್ಯವಸ್ಥೆಯಿಲ್ಲ. ಕಣಿವೆಯ ಪಾಲುದಾರರಾದ ಚೀನಾ ಮತ್ತು ಅಫ್ಘಾನಿಸ್ತಾನಗಳು ಒಪ್ಪಂದದ ಹೊರಗಿವೆ.

ಭಾರತವು ತನ್ನ ಪಾಲನ್ನೂ ಪೂರ್ತಿ ಬಳಸಿಕೊಂಡಿರಲಿಲ್ಲ. ರಾವಿ ನದಿಯ ಸುಮಾರು 20 ಲಕ್ಷ ಎಕರೆ ಅಡಿ ನೀರು ಪ್ರತಿವರ್ಷ ಬಳಕೆಯಾಗದೆ ಪಾಕಿಸ್ತಾನಕ್ಕೆ ಹರಿಯುತ್ತಿದೆ ಎಂದು ಕೇಂದ್ರ ಸರ್ಕಾರ ಹೇಳಿತ್ತು. ಇದನ್ನು ತಡೆಯಲು ಶಾಹಪುರ್ ಕಂಡಿ ಮೊದಲಾದ ಯೋಜನೆಗಳನ್ನು ಕೈಗೊಳ್ಳಲಾಯಿತು.

ಅಮಾನತು ಮತ್ತು ಅನಂತರದ ಬೆಳವಣಿಗೆಗಳು

ಒಪ್ಪಂದವನ್ನು ಪರಿಷ್ಕರಿಸಬೇಕೆಂದು ಭಾರತವು 2023ರ ಜನವರಿಯಲ್ಲಿಯೂ 2024ರ ಆಗಸ್ಟ್‌ನಲ್ಲಿಯೂ ಪಾಕಿಸ್ತಾನಕ್ಕೆ ನೋಟಿಸು ನೀಡಿತು. 2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದರು. ಮರುದಿನ ಭಾರತವು, ಗಡಿಯಾಚೆಯ ಭಯೋತ್ಪಾದನೆಗೆ ಬೆಂಬಲವನ್ನು ಪಾಕಿಸ್ತಾನ ವಿಶ್ವಾಸಾರ್ಹವಾಗಿ ಹಾಗೂ ಮರಳಿ ಬಾರದಂತೆ ತ್ಯಜಿಸುವವರೆಗೆ ಒಪ್ಪಂದವು ಅಮಾನತಿನಲ್ಲಿರುವುದೆಂದು ಘೋಷಿಸಿತು. ಜನಸಂಖ್ಯೆಯಲ್ಲಿ ಆಗಿರುವ ಬದಲಾವಣೆ ಮತ್ತು ಶುದ್ಧ ಇಂಧನದ ಅಗತ್ಯವನ್ನೂ ಭಾರತ ತನ್ನ ಪತ್ರದಲ್ಲಿ ಕಾರಣವಾಗಿ ನೀಡಿತು. ಏಕಪಕ್ಷೀಯ ಅಮಾನತಿಗೆ ಒಪ್ಪಂದದಲ್ಲಿ ಅವಕಾಶವಿಲ್ಲವೆಂದು ಪಾಕಿಸ್ತಾನವು ವಾದಿಸಿತು. ತನ್ನ ಪಾಲಿನ ನೀರನ್ನು ತಿರುಗಿಸಿದರೆ ಅದನ್ನು ಯುದ್ಧದ ಕೃತ್ಯವೆಂದು ಪರಿಗಣಿಸುವುದಾಗಿಯೂ ಹೇಳಿತು.

2025ರ ಜೂನ್ 27ರಂದು ಮಧ್ಯಸ್ಥಿಕೆ ನ್ಯಾಯಾಲಯವು, ಅಮಾನತಿನಿಂದ ತನ್ನ ಅಧಿಕಾರಕ್ಕೆ ಚ್ಯುತಿಯಿಲ್ಲವೆಂದು ನಿರ್ಣಯಿಸಿತು. ಆಗಸ್ಟ್ 8ರಂದು ಒಪ್ಪಂದದ ವಿಧಿಗಳ ಅರ್ಥವಿವರಣೆಯನ್ನು ಕುರಿತು ಮತ್ತೊಂದು ತೀರ್ಪು ಕೊಟ್ಟಿತು. ಭಾರತ ಇವೆರಡನ್ನೂ ತಿರಸ್ಕರಿಸಿತು.

ಅಮಾನತಿನ ಪರಿಣಾಮವನ್ನು ಎರಡು ನೆಲೆಗಳಲ್ಲಿ ಪರಿಗಣಿಸಬೇಕಾಗುತ್ತದೆ. ಪಶ್ಚಿಮದ ನದಿಗಳ ಮೇಲೆ ಭಾರತಕ್ಕೆ ದೊಡ್ಡ ಜಲಾಶಯಗಳಿಲ್ಲದ ಕಾರಣ ಬೇಸಗೆಯ ಹಿಮನೀರನ್ನೂ ಮುಂಗಾರಿನ ನೆರೆಯನ್ನೂ ತಕ್ಷಣಕ್ಕೆ ತಡೆಯಲಾಗದು. ಅದಕ್ಕೆ ಬೇಕಾದ ಅಣೆಕಟ್ಟುಗಳನ್ನು ಕಟ್ಟಲು ಹಲವು ವರ್ಷಗಳು ಬೇಕು. ಆದರೆ ಹರಿವಿನ ಅಂಕಿಅಂಶಗಳ ವಿನಿಮಯ, ಯೋಜನೆಗಳ ಕುರಿತ ಮುನ್ಸೂಚನೆ ಮತ್ತು ಆಯೋಗದ ಸಭೆಗಳು ಕೂಡಲೇ ನಿಲ್ಲಬಲ್ಲವು. ಕೆಳದಂಡೆಯ ರೈತನಿಗೆ ಎಷ್ಟು ನೀರು ಬರುವುದೆಂಬುದರಷ್ಟೇ ಯಾವಾಗ ಬರುವುದೆಂಬುದೂ ಮುಖ್ಯ. ಬಿತ್ತನೆಯ ವಾರದಲ್ಲಿ ನಾಲೆ ಬತ್ತಿದರೆ ಅನಂತರ ಬಂದ ನೀರಿನಿಂದ ಆ ಬೆಳೆಯನ್ನು ಉಳಿಸಿಕೊಳ್ಳಲಾಗದು.