ಹರಿಗೋಲು ಕಲಿಸಿದ ಪಾಠ



ತುಂಗಭದ್ರೆಯ ಹರಿಗೋಲನ್ನು ನೀವು ಬಲ್ಲಿರಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ತೊಗಲು ಹೊದಿಸಿದ ಈ ಬುಟ್ಟಿದೋಣಿಯನ್ನು ಕಂಡು ಬರೆದಿಟ್ಟಿದ್ದಾನೆ. ಅಗಲವಾದ ತಳವೇ ಅದರ ಬಲ.

ಈಗ ಅಲ್ಯೂಮಿನಿಯಂ ದೋಣಿಗಳು ಬಂದಿವೆ. ಹಗುರ, ಗೆದ್ದಲು ಹತ್ತದು. ಆದರೆ ಹಗುರವಾದುದೆಲ್ಲ ಭದ್ರವೇ? ಚರಿತ್ರೆ ಎರಡು ಮಾತು ಹೇಳುತ್ತದೆ.

1895ರಲ್ಲಿ ಅಮೆರಿಕದ 'ಡಿಫೆಂಡರ್' ಎಂಬ ಪಂದ್ಯದ ಹಾಯಿದೋಣಿಗೆ ಕೆಳಗೆ ಕಂಚು, ಮೇಲೆ ಅಲ್ಯೂಮಿನಿಯಂ ತಗಡು ಹೊದಿಸಿದರು. ದೋಣಿ ಗೆದ್ದಿತು. ಆದರೆ ಉಪ್ಪುನೀರಿನಲ್ಲಿ ಈ ಎರಡು ಲೋಹ ಕೂಡಿದರೆ ಅಲ್ಯೂಮಿನಿಯಂ ಸವೆಯುತ್ತದೆ. 1901ರಲ್ಲಿ ಅದನ್ನು ಒಡೆದುಹಾಕಬೇಕಾಯಿತು.

1944ರಲ್ಲಿ, ವಿಮಾನ ಕಟ್ಟುವ ಗ್ರಮ್ಮನ್ ಕಂಪನಿಯ ವಿಲಿಯಂ ಹಾಫ್‌ಮನ್ ಕಾಡುದಾರಿಯಲ್ಲಿ ಭಾರದ ದೋಣಿ ಹೊತ್ತು ಬೇಸತ್ತರು. ವಿಮಾನದ ಲೋಹದಲ್ಲೇ ದೋಣಿ ಮಾಡಿದರೇನು ಎಂದುಕೊಂಡರು. ಯುದ್ಧ ಮುಗಿದ ಮೇಲೆ ಆ ಕನೋ ದೋಣಿಗಳು ಮಾರಾಟಕ್ಕೆ ಬಂದವು. ಹೊರಲು ಹಗುರ, ನಿಜ. ಆದರೆ ಅಂಥ ಕಿರಿದಾದ ದೋಣಿಯಲ್ಲಿ ಎದ್ದು ನಿಂತರೆ ತೊಯ್ದಾಡುತ್ತದೆ. ಅಲ್ಲಿನ ಮೀನುಗಾರರು ಮರದಲ್ಲಿ ಕಟ್ಟುತ್ತಿದ್ದ ಚಪ್ಪಟೆ ತಳದ 'ಜಾನ್ ಬೋಟ್' ಮುಂದೆ ಅಲ್ಯೂಮಿನಿಯಂನಲ್ಲೂ ಬಂತು. ಅಗಲ ತಳ ಒಂದು ಕಡೆ ವಾಲಿದರೆ, ಆ ಕಡೆಯ ನೀರೇ ಅದನ್ನು ಮೇಲಕ್ಕೆ ಒತ್ತುತ್ತದೆ. ನಮ್ಮ ಹರಿಗೋಲಿನ ಗುಟ್ಟೂ ಇದೇ.

ಆದ್ದರಿಂದ ಕೊಳ್ಳುವ ಮುನ್ನ ತಳ ನೋಡಿ. ಕೆರೆ, ನಿಂತ ಹಿನ್ನೀರಿಗೆ ಅಗಲವಾದ ಚಪ್ಪಟೆ ತಳ ಒಳ್ಳೆಯದು. ಅಲೆಯಿರುವಲ್ಲಿ ಅದು ಬಡಿದುಕೊಳ್ಳುತ್ತದೆ, ಅಲ್ಲಿಗೆ ಮುಂಭಾಗ ಚೂಪಾಗಿರಲಿ. ತಾಮ್ರ, ಹಿತ್ತಾಳೆಯ ಮೊಳೆ ಬೇಡ. ನೀರಿಗಿಳಿಸಿ, ಒಂದು ಅಂಚಿಗೆ ಕುಳಿತು ಪರೀಕ್ಷಿಸಿ. ಎಂಥ ದೋಣಿಯಾದರೂ ತೇಲುವ ಜಾಕೆಟ್ ಮರೆಯಬೇಡಿ. ಬಲೆ ಹೋದರೆ ಮತ್ತೆ ಹೆಣೆಯಬಹುದು; ಹೋದ ಜೀವ ಬಾರದು.