ಧಾಟಿಯ ಅಕಾರಾದಿ: ಹೊರನಾಡ ಕನ್ನಡ ಜನಪದ ಗೀತೆಗಳ ಸೂಚೀಕರಣ

ಕನ್ನಡ ಜನಪದ ಗೀತೆಗಳ ಸಂಗ್ರಹಕಾರ್ಯ ಬಹುಮಟ್ಟಿಗೆ ಪದಗಳ ಸಂಗ್ರಹವಾಗಿಯೇ ನಡೆದಿದೆ. ಚಾರ್ಲ್ಸ್ ಗೋವರರ 1871ರ ಇಂಗ್ಲಿಷ್ ಸಂಕಲನವಾಗಲಿ, ಹಲಸಂಗಿ ಗೆಳೆಯರ 1931ರ 'ಗರತಿಯ ಹಾಡು' ಆಗಲಿ ನಮಗೆ ಉಳಿಸಿಕೊಟ್ಟದ್ದು ಸಾಹಿತ್ಯವನ್ನು. ಇಂಥ ಸಂಕಲನಗಳಿಗೆ ಪ್ರಥಮ ಪಾದದ ಅಕಾರಾದಿಯೇ ಸಹಜವಾದ ಸೂಚಿ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡಿಗರ ಹಾಡುಗಳಿಗೆ ಅದು ಸಾಲದೆಂಬುದು ನಮ್ಮ ಅಭಿಪ್ರಾಯ.

ಈ ನಗರಗಳಲ್ಲಿ ಕರಾವಳಿಯವರೂ ಉತ್ತರ ಕರ್ನಾಟಕದವರೂ ಮರಾಠಿಯ ನಡುವೆ ನೆಲೆಸಿದ್ದಾರೆ. ಇಂಥಲ್ಲಿ ಪದ ಮರೆತು ಧಾಟಿಯಷ್ಟೇ ಉಳಿಯುವುದು, ಉಳಿದ ಧಾಟಿ ಭಾಷೆಯ ಗಡಿ ದಾಟುವುದು ಅಸಂಭವವಲ್ಲ. ಗಡಿ ದಾಟುವಿಕೆ ಹೊಸದೂ ಅಲ್ಲ. 1880ರಲ್ಲಿ ಮರಾಠಿ 'ಸಂಗೀತ ಶಾಕುಂತಲ'ವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಮುಂದೆ ಕನ್ನಡ ನಾಟಕ ಕಂಪನಿಗಳು ಮರಾಠಿ ರಂಗಗೀತೆಗಳ ಮಟ್ಟುಗಳನ್ನು ಧಾರಾಳವಾಗಿ ಬಳಸಿದವು. ಹಾಡಿನ ನೆತ್ತಿಯಲ್ಲಿ ಮೂಲ ಮಟ್ಟನ್ನು ಹೆಸರಿಸುವ ವಾಡಿಕೆಯೂ ಒಂದು ಬಗೆಯ ಸೂಚಿಯೇ. ಆದರೆ ಮೂಲವನ್ನು ಬಲ್ಲವರಿಗಷ್ಟೇ ಅದು ಉಪಯುಕ್ತ.

ಸ್ವರವನ್ನೇ ಆಧರಿಸಿದ ಸೂಚಿಯ ಇತಿಹಾಸ ಶತಮಾನಕ್ಕೂ ಹಿಂದಿನದು. ಫಿನ್ಲೆಂಡಿನ ಇಲ್ಮಾರಿ ಕ್ರೋನ್ 1902-03ರ ಸುಮಾರಿಗೆ ಸಾಲುಗಳ ಅಂತ್ಯಸ್ವರವನ್ನು ಹಿಡಿದು ಧಾಟಿಗಳನ್ನು ವರ್ಗೀಕರಿಸುವ ಕ್ರಮವನ್ನು ಪ್ರತಿಪಾದಿಸಿದರು. ಡೆನಿಸ್ ಪಾರ್ಸನ್ಸ್ ತಮ್ಮ 1975ರ ಕೋಶದಲ್ಲಿ ಏರಿಕೆ, ಇಳಿಕೆ, ಪುನರುಕ್ತಿ ಎಂಬ ಮೂರೇ ಗುರುತುಗಳನ್ನು ಬಳಸಿದರು. ಜರ್ಮನಿಯ ಎಸೆನ್‌ನಲ್ಲಿ ಹೆಲ್ಮುಟ್ ಶಾಫ್ರಾತ್ 1982ರಿಂದ ಸಾವಿರಾರು ಜನಪದ ಧಾಟಿಗಳನ್ನು ಗಣಕಕ್ಕೆ ಅಳವಡಿಸಿದರು. 1995ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಗುನುಗಿನಿಂದಲೇ ಹಾಡನ್ನು ಹುಡುಕುವ ವಿಧಾನವನ್ನು ಮೂರು ಗುರುತುಗಳ ಮೇಲೆಯೇ ಕಟ್ಟಿದರು.

ಹಾಡುವವರು ಯಾವ ಶ್ರುತಿಯಲ್ಲಿ ತೊಡಗಿದರೂ ಈ ಗುರುತುಗಳು ಬದಲಾಗವು. ಆದರೆ ಅವಷ್ಟೇ ಸಾಲವು. 'ಸ ರಿ ಗ ರಿ ಸ ಸ', 'ಸ ಗ ಪ ಗ ರಿ ರಿ' ಎಂಬೆರಡು ಸಾಲುಗಳಿಗೂ ಗುರುತು ಒಂದೇ: ಎರಡು ಏರಿಕೆ, ಎರಡು ಇಳಿಕೆ, ಒಂದು ಪುನರುಕ್ತಿ. ಮೊದಲನೆಯದು ಷಡ್ಜದಲ್ಲಿಯೂ ಎರಡನೆಯದು ರಿಷಭದಲ್ಲಿಯೂ ನಿಲ್ಲುವುದನ್ನು ಕ್ರೋನರ ಅಂತ್ಯಸ್ವರವೇ ತಿಳಿಸಬಲ್ಲದು. ಆದುದರಿಂದ ಎರಡೂ ಕ್ರಮಗಳನ್ನು ಕೂಡಿಸುವುದು ಯುಕ್ತ.

ತ್ರಿಪದಿಯಲ್ಲಿ ಇನ್ನೊಂದು ಎಚ್ಚರ ಅವಶ್ಯ. ಮುದ್ರಣದಲ್ಲಿ ಮೂರು ಸಾಲಾಗಿರುವ ಅದು ಎರಡನೆಯ ಪಾದದ ಪುನರಾವರ್ತನೆಯಿಂದ ಗಾಯನದಲ್ಲಿ ನಾಲ್ಕಾಗುತ್ತದೆ. ಹಾಡಿದಂತೆ ಬರೆದ ಪ್ರತಿಯನ್ನೂ ಅಚ್ಚಿನಂತೆ ಬರೆದ ಪ್ರತಿಯನ್ನೂ ಗಣಕ ಬೇರೆ ಬೇರೆ ಧಾಟಿಗಳೆಂದೇ ಎಣಿಸೀತು, ಹಾಡಿದುದನ್ನೇ ಲಿಪ್ಯಂತರಿಸಬೇಕು.

ಭಾಷೆಯನ್ನು ಸೂಚಿಯ ಪ್ರತ್ಯೇಕ ಅಂಕಣದಲ್ಲಿ ನಮೂದಿಸಿದರೆ ಕನ್ನಡ, ತುಳು, ಕೊಂಕಣಿ, ಮರಾಠಿಗಳಲ್ಲಿ ಚದುರಿದ ಒಂದೇ ಮಟ್ಟು ಒಂದೆಡೆ ದೊರಕುತ್ತದೆ. ಪದ ನೆನಪಿಲ್ಲವೆಂದು ಹಾಡುಗಾರ್ತಿಯರನ್ನು ಕ್ಷೇತ್ರಕಾರ್ಯದಲ್ಲಿ ಬಿಟ್ಟುಬಿಡುವುದು ಇನ್ನು ಸಲ್ಲದು. ಅವರ ಗುನುಗೂ ಆಕರವೇ.