ಕರೋಡಗಿರಿ ನಾಕಾದ ಆಚೆ-ಈಚೆ

1947ರ ನವೆಂಬರ್ 29. ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಪ್ಯಾಲೆಸ್ತೀನನ್ನು ಯಹೂದಿ ಮತ್ತು ಅರಬ್ ರಾಜ್ಯಗಳಾಗಿ ಒಡೆಯುವ ಠರಾವಿಗೆ ಒಪ್ಪಿಗೆ ಕೊಟ್ಟಿತು. ಭಾರತ ಅದರ ವಿರುದ್ಧ ಮತ ಹಾಕಿತ್ತು. ಅದೇ ದಿನ ಭಾರತ ಸರ್ಕಾರಕ್ಕೂ, ಭಾರತಕ್ಕೆ ಸೇರದೆ ಉಳಿದಿದ್ದ ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರಿಗೂ ನಡುವೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದಕ್ಕೆ ರುಜು ಬಿತ್ತು. ಪ್ಯಾಲೆಸ್ತೀನಿನಲ್ಲಿ ಮರುದಿನವೇ ಗುಂಡು ಹಾರಿದವು. ಇಲ್ಲಿ ಹೊಗೆಯಾಡುತ್ತಿದ್ದದ್ದು ಉರಿದೇಳಲು ಕೆಲವು ತಿಂಗಳು ಹಿಡಿಯಿತು.

ವಿಜಾಪುರ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಇಂಡಿ, ಸಿಂದಗಿ ತಾಲೂಕುಗಳ ಬಡಗಣ ಅಂಚಿನಲ್ಲಿ ಭೀಮಾ ನದಿ. ಆಚೆ ದಂಡೆಯ ಅಫಜಲಪುರ ಸೀಮೆ ನಿಜಾಮರದು. ಸಿಂದಗಿಯಿಂದ ಮೂಡಣಕ್ಕೆ ಜೇವರ್ಗಿಯ ಕಡೆಗಾಗಲಿ, ಮುದ್ದೇಬಿಹಾಳ ತಾಲೂಕಿನ ತಾಳಿಕೋಟೆಯಿಂದ ಸುರಪುರದ ಕಡೆಗಾಗಲಿ ಹೊರಟರೆ ದೊಡ್ಡ ನದಿಯ ಅಡ್ಡಿಯೂ ಇರಲಿಲ್ಲ. ಎರೆಹೊಲ, ಜೋಳ, ಒಂದು ಬದು. ಬದುವಿನ ಆಚೆ ಮೊಗಲಾಯಿ, ಅಂದರೆ ನಿಜಾಮರ ಸೀಮೆ. ಅಲ್ಲಿ ಚಲಾವಣೆ ಹಾಲಿ ಸಿಕ್ಕಾ, ಈಚೆ ಕಲ್ದಾರ್ ರೂಪಾಯಿ. ಮಾಲು ದಾಟಬೇಕಾದರೆ ಕರೋಡಗಿರಿ ನಾಕಾದಲ್ಲಿ ಸುಂಕ ಕಟ್ಟಬೇಕು. ಬಸವಣ್ಣನವರು ಹುಟ್ಟಿದ ಬಾಗೇವಾಡಿ ಒಂದು ಸರ್ಕಾರದಲ್ಲಿ, ಅವರು ಭಂಡಾರಿಯಾಗಿದ್ದ ಕಲ್ಯಾಣ ಇನ್ನೊಂದರಲ್ಲಿ. ಭಾಷೆ ಒಂದೇ, ಬೀಗಸ್ತನ ಎರಡೂ ಕಡೆ.

ನಿಜಾಮರ ವಿರುದ್ಧ ಎದ್ದ ಚಳವಳಿಗೆ ಮುಖವಾದವರೂ ಈ ಸೀಮೆಯವರೇ. ಸ್ವಾಮಿ ರಮಾನಂದ ತೀರ್ಥರು 1903ರಲ್ಲಿ ಹುಟ್ಟಿದ್ದು ಸಿಂದಗಿಯಲ್ಲಿ. ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡ್ಗೀಕರ. ಮರಾಠವಾಡದಲ್ಲಿ ಶಾಲಾ ಮಾಸ್ತರರಾಗಿ, 1930ರಲ್ಲಿ ಕಾವಿ ಉಟ್ಟು, 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಸತ್ಯಾಗ್ರಹಕ್ಕೆ ನಿಂತು ಜೈಲು ಕಂಡವರು. ಭಾರತ ಸ್ವತಂತ್ರವಾದ ದಿನ ನಿಜಾಮರ ಪೊಲೀಸರು ಅವರನ್ನು ಮತ್ತೆ ಹಿಡಿದರು. ಮುಂದೆ ಬಿಟ್ಟರೂ, 1948ರ ಜನವರಿಯಲ್ಲಿ ಪುನಃ ಒಳಗೆ ಹಾಕಿದರು. ಹೀಗಾಗಿ ಗಡಿ ಹೊತ್ತಿ ಉರಿದ ತಿಂಗಳುಗಳಲ್ಲಿ ಅವರು ಕಂಬಿಗಳ ಹಿಂದೆಯೇ ಇದ್ದರು.

ಹೊರಗೆ ಲಾತೂರಿನ ವಕೀಲ ಖಾಸಿಂ ರಜ್ವಿಯ ರಜಾಕಾರರು, ನಿಜಾಮರ ಪರದ ಖಾಸಗಿ ಪಡೆಯವರು, ಮೆರೆಯುತ್ತಿದ್ದರು. ಒಂದು ವಿಷಯವನ್ನು ಇಲ್ಲೇ ಹೇಳಿಬಿಡಬೇಕು: ರಜಾಕಾರರು ಅಂದರೆ ಆ ಸಂಸ್ಥಾನದ ಮುಸ್ಲಿಮರೆಲ್ಲ ಅಲ್ಲ. ಹೈದರಾಬಾದು ಭಾರತಕ್ಕೆ ಸೇರಲಿ ಎಂದು ‘ಇಮ್ರೋಜ್’ ಪತ್ರಿಕೆಯಲ್ಲಿ ಬರೆಯುತ್ತಿದ್ದ ಸಂಪಾದಕ ಶೋಯಬುಲ್ಲಾ ಖಾನರನ್ನು 1948ರ ಆಗಸ್ಟಿನಲ್ಲಿ ನಡುಬೀದಿಯಲ್ಲಿ ಕಡಿದು ಕೊಂದವರು ಇದೇ ರಜಾಕಾರರ ಕಡೆಯವರು.

ಊರು ಸುಡುತ್ತಾರೆ, ದವಸ ದೋಚುತ್ತಾರೆ ಎಂಬ ಸುದ್ದಿ ಬಂದ ಹಾಗೆಲ್ಲ ಕಲಬುರಗಿ, ರಾಯಚೂರು ಕಡೆಯ ಹಿಂದೂ ಕುಟುಂಬಗಳು ಗಡಿ ದಾಟಿ ಪಡುವಣಕ್ಕೆ ಬಂದವು. ಅವರ ಹಿಂದೆಯೇ ತರುಣರೂ ಬಂದರು. ಗಡಿಯುದ್ದಕ್ಕೂ ಶಿಬಿರಗಳು ಎದ್ದವು. ಮುಂಡರಗಿ, ಗಜೇಂದ್ರಗಡದ ಹಾಗೆ ತಾಳಿಕೋಟೆಯಲ್ಲೂ ಒಂದು. ಶಿಬಿರಗಳ ಕೆಲಸ ರಾತ್ರಿಯದು. ಗಡಿ ದಾಟುವುದು, ತಂತಿ ಕತ್ತರಿಸುವುದು, ಕರೋಡಗಿರಿ ನಾಕಾಕ್ಕೆ ಬೆಂಕಿ ಇಡುವುದು, ಪಟವಾರಿಯ ದಫ್ತರು ಸುಡುವುದು. ದಫ್ತರಿನ ಮೇಲೇ ಯಾಕೆ ಕಣ್ಣು? ಯಾರ ಹೊಲ ಎಷ್ಟು, ಯಾರು ಎಷ್ಟು ಲೆವಿ ಕೊಡಬೇಕು ಎಂಬುದೆಲ್ಲ ಅದರಲ್ಲಿತ್ತು. ಅದು ಬೂದಿಯಾದರೆ ಆ ಊರಲ್ಲಿ ವಸೂಲಿ ನಿಲ್ಲುತ್ತಿತ್ತು. ಕೆಲಸ ಮುಗಿಸಿ ಮುಂಬಯಿ ಪ್ರಾಂತದ ನೆಲಕ್ಕೆ ಕಾಲಿಟ್ಟರೆ ನಿಜಾಮರ ಪೊಲೀಸರು ಬೆನ್ನು ಹತ್ತುವಂತಿರಲಿಲ್ಲ. ಗಡಿಯ ಗೆರೆಯನ್ನು ಅಳಿಸಲು ಹೊರಟವರಿಗೆ ಅದೇ ಗೆರೆ ಆಸರೆಯೂ ಆಗಿತ್ತು.

ಮೇ ತಿಂಗಳು ಎಲ್ಲಕ್ಕಿಂತ ಕೆಟ್ಟದು. ಬೀದರ್ ಜಿಲ್ಲೆಯ ಗೋರಟಾ ಗ್ರಾಮದ ಮೇಲೆ ರಜಾಕಾರರು ನುಗ್ಗಿ ಕಗ್ಗೊಲೆ ಮಾಡಿದರು. ಸತ್ತವರು ಇನ್ನೂರಕ್ಕೂ ಹೆಚ್ಚು ಎಂದು ಆ ಭಾಗದ ಜನ ಹೇಳುತ್ತಾರೆ. ಮೇ 22ರಂದು ಗಾಣಗಾಪುರ ಸ್ಟೇಷನ್ನಿನಲ್ಲಿ ಮದರಾಸು-ಮುಂಬಯಿ ರೈಲಿನ ಮೇಲೆ ದಾಳಿಯಾಯಿತು. ಇವೆರಡರ ನಡುವೆ, ಮೇ 14ರಂದು, ಇಸ್ರೇಲ್ ತಾನು ಹುಟ್ಟಿದೆನೆಂದು ಸಾರಿತು. ಅಲ್ಲಿನ ಅಂತಃಕಲಹ ನೆರೆರಾಜ್ಯಗಳೊಡನೆ ಯುದ್ಧವಾಗಿ ತಿರುಗಿತು.

ಹೈದರಾಬಾದು ಕೂಡ ತನ್ನ ದೂರನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಒಯ್ದಿತ್ತು. ವಿಚಾರಣೆ ಶುರುವಾಗುವ ಹೊತ್ತಿಗೆ ಇಲ್ಲಿ ಎಲ್ಲ ಮುಗಿಯುತ್ತ ಬಂದಿತ್ತು. ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಪಡೆ ಸೊಲ್ಲಾಪುರದ ಕಡೆಯಿಂದ ನುಗ್ಗಿತು. 17ರ ಸಂಜೆ ನಿಜಾಮರು ಸೋಲೊಪ್ಪಿದರು. ಪ್ಯಾಲೆಸ್ತೀನಿನಲ್ಲಿ ಸಂಧಾನಕ್ಕೆಂದು ವಿಶ್ವಸಂಸ್ಥೆ ಕಳಿಸಿದ್ದ ಕೌಂಟ್ ಬರ್ನಡೊಟ್ಟೆಯನ್ನು ಯಹೂದಿ ಉಗ್ರರು ಜೆರುಸಲೇಮಿನಲ್ಲಿ ಗುಂಡಿಟ್ಟು ಕೊಂದದ್ದೂ ಅದೇ 17ರಂದು.

ಗಡಿಯ ಊರುಗಳಲ್ಲಿ ಕತೆಯನ್ನು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಅರ್ಧ ಕತೆ ಇನ್ನೂ ಬಾಕಿ ಇದೆ.

ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಈ ಮೂವರ ತಂಡವನ್ನು ಭಾರತ ಸರ್ಕಾರವೇ 1948ರ ಕೊನೆಯಲ್ಲಿ ಸಂಸ್ಥಾನಕ್ಕೆ ಕಳಿಸಿತು. ‘ಪೊಲೀಸ್ ಕಾರ್ಯಾಚರಣೆ’ ಎಂದು ಕರೆದ ಸೆಪ್ಟೆಂಬರಿನ ಆ ದಾಳಿಯ ಹೊತ್ತಿನಲ್ಲಿ ಮತ್ತು ಅದರ ಬೆನ್ನಿಗೆ ಕನಿಷ್ಠ 27 ಸಾವಿರದಿಂದ 40 ಸಾವಿರ ಮಂದಿ ಸತ್ತರೆಂಬುದು ಅವರ ಅಂದಾಜು. ಬಲಿಯಾದವರು ಬಹುಪಾಲು ಮುಸ್ಲಿಮರು. ಈ ಲೆಕ್ಕವನ್ನು ಒಪ್ಪದವರಿದ್ದಾರೆ. ಆದರೆ ಅತಿ ಹೆಚ್ಚು ಪೆಟ್ಟು ತಿಂದವೆಂದು ವರದಿ ಹೆಸರಿಸಿದ ನಾಲ್ಕು ಜಿಲ್ಲೆಗಳಲ್ಲಿ ಎರಡು ಕನ್ನಡದವು: ಕಲಬುರಗಿ ಮತ್ತು ಬೀದರ್. ಉಳಿದವು ಉಸ್ಮಾನಾಬಾದ್, ನಾಂದೇಡ್. ಕೊಲೆ, ಲೂಟಿಗೆಂದು ಸೊಲ್ಲಾಪುರದ ಕಡೆಯಿಂದ ಶಸ್ತ್ರ ಹಿಡಿದವರು ಗಡಿ ದಾಟಿ ಬಂದಿದ್ದರೆಂದೂ, ಕೆಲವೆಡೆ ಸೈನಿಕರು, ಪೊಲೀಸರು ಕೈಜೋಡಿಸಿದರೆಂದೂ ಅದರಲ್ಲಿದೆ. ಬೇಸಿಗೆಯಲ್ಲಿ ಜೀವ ಉಳಿಸಿಕೊಳ್ಳಲು ಒಂದು ಕಡೆಯಿಂದ ದಾಟಿದ ಗಡಿಯನ್ನು ಮಳೆಗಾಲದ ಕೊನೆಗೆ ಜೀವ ತೆಗೆಯಲು ಇನ್ನೊಂದು ಕಡೆಯಿಂದ ದಾಟಿದರು.

ಅದೇ ವರದಿಯಲ್ಲಿ ನೇಕಾರರ ಮಾತೂ ಬರುತ್ತದೆ. ಒಂದೇ ಕಸುಬಿನವರಲ್ಲಿ ಒಗ್ಗಟ್ಟು ಎದ್ದು ಕಾಣುತ್ತಿತ್ತಂತೆ. ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು ಹಿಂದೂ ದಂಗೆಕೋರರಿಂದ ಕಾಯ್ದರು, ಕಾಯುತ್ತ ಕೆಲವರು ತಾವೇ ಸತ್ತರು. ಗಡಿ ಶಿಬಿರದ ಹೋರಾಟಗಾರರಿಗೆ ಸಂದಂತೆ ಈ ನೇಕಾರರಿಗೆ ಸನ್ಮಾನವೂ ಸಿಗಲಿಲ್ಲ, ಪಿಂಚಣಿಯೂ ಬರಲಿಲ್ಲ. ಸರ್ಕಾರ ವರದಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿತ್ತು. ಜನರ ಓದಿಗೆ ಅದು ಸಿಕ್ಕಿದ್ದು 2013ರ ಸುಮಾರಿಗೆ.

ಪ್ಯಾಲೆಸ್ತೀನಿನಿಂದ ಓಡಿಹೋದ ಸುಮಾರು 7 ಲಕ್ಷ ಅರಬರಿಗೆ ಮನೆಗೆ ಮರಳುವ ದಾರಿ ಮುಚ್ಚಿತು. ಇಲ್ಲಿ ಹಾಗಾಗಲಿಲ್ಲ, ಗಡಿಯೇ ಹೋಯಿತು. 1956ರ ನವೆಂಬರ್ 1ರಂದು ವಿಜಾಪುರ, ಕಲಬುರಗಿ ಒಂದೇ ರಾಜ್ಯಕ್ಕೆ ಬಂದವು. ನಾಕಾ ಇಲ್ಲವಾದರೂ ಅದರ ಗುರುತು ಸರ್ಕಾರಿ ಕಾಗದದಲ್ಲಿ ಉಳಿದುಕೊಂಡಿದೆ. ಸೆಪ್ಟೆಂಬರ್ 17ರ ಸರ್ಕಾರಿ ಉತ್ಸವ ಸುರಪುರದ ಕಡೆಗೆ ಉಂಟು, ತಾಳಿಕೋಟೆಯ ಕಡೆಗೆ ಇಲ್ಲ. ಹಳೆಯ ಹೈದರಾಬಾದ್ ಸೀಮೆಯವರಿಗೆಂದು ಬಂದ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಸುರಪುರದ ಕಡೆಯ ಹುಣಸಗಿಯ ಹುಡುಗನಿಗೆ ಸಿಗುತ್ತದೆ. ಅದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ತಾಳಿಕೋಟೆಯವನಿಗೆ ಸಿಗುವುದಿಲ್ಲ.